ಗೆರೆಯಕ್ಕ ತಟ್ಟುವ ಬಾಗಿಲುಗಳು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಹೊಳೆಬದಿಯ ಓಣಿಯಲ್ಲಿ ಗೆರೆಯಕ್ಕ ಕೆಂಪು ಬಣ್ಣದ ಡಬ್ಬಿ ಕೆಳಗಿಟ್ಟು, ಸೆರಗು ಬಿಗಿದು, ಒಂದು ಮನೆಯ ಬಾಗಿಲು ತಟ್ಟುತ್ತಾಳೆ. ಮೂರೇ ಸಲ. "ಗೆರೆ ಎಳೀತಿದೀನಿ, ಬೇಜಾರು ಮಾಡ್ಕೋಬೇಡಿ," ಅಂತಾಳೆ. ಒಳಗೆ ನರಪಿಳ್ಳೆಯೂ ಇಲ್ಲ. ಮನೆಯವರು ಎತ್ತರದ ಬಡಾವಣೆಗೆ ಹೋಗಿ ವರ್ಷವಾಯಿತು. ಆದರೂ ತುಸು ಹೊತ್ತಿಗೆ ಒಳಗಿನಿಂದ ಟಕ್, ಟಕ್, ಟಕ್. ಕೇಳಿದವರ ಎದೆ ಝಲ್ಲೆನ್ನಬೇಕು. ಅವಳು, "ಹೂಂ ಅಂದ್ರು," ಎಂದು ಕುಂಚ ಅದ್ದುತ್ತಾಳೆ.

ನದಿಗೆ ಜಾಗ ಬಿಟ್ಟು ಊರು ಬೆಳೆಯಬೇಕು ಅನ್ನುವುದು ನಗರದ ಹೊಸ ಯೋಜನೆ. ಕೆಂಪು ಗೆರೆ ಬಿದ್ದ ಮನೆಗಳವರು ಒಬ್ಬೊಬ್ಬರಾಗಿ ಮೇಲಕ್ಕೆ ಹೋಗಬೇಕು. ಆ ಜಾಗದಲ್ಲಿ ಹುಲ್ಲು, ಮರ, ನೆರೆ ಬಂದಾಗ ನೀರಿಗೆ ತಂಗಲು ತಾವು. ಕಾಗದದಲ್ಲಿ ಬಲು ಚಂದ. ಬೈಗುಳ ಮಾತ್ರ ಆ ಗೆರೆಯನ್ನು ಗೋಡೆಗೆ ತರುವವಳಿಗೆ! ಮೊದಲು ಅಂಗಡಿಗಳ ಬೋರ್ಡ್ ಬರೆಯುತ್ತಿದ್ದಳು. ಬೋರ್ಡ್ ಅಚ್ಚು ಹಾಕುವ ಯಂತ್ರಗಳು ಬಂದು ಕೈ ಖಾಲಿಯಾದಾಗ ಈ ಕೆಲಸ ಸಿಕ್ಕಿತು. ಮೊದಲ ದಿನವೇ ಒಬ್ಬಾಕೆ ಪಾತ್ರೆ ತೊಳೆದ ನೀರು ಎರಚಿದ್ದಳು.

"ತಪ್ಪು ನಂದೇ. ಇನ್ನೊಬ್ರ ಗೋಡೆ ಹೇಳದೆ ಮುಟ್ಟಿದ್ರೆ ಕಳ್ಳತನ ಅಲ್ವಾ? ಅವತ್ತಿಂದ ತಟ್ಟಿ, ಹೇಳಿ, ಆಮೇಲೇ ಕುಂಚ," ಅಂತಾಳೆ ಗೆರೆಯಕ್ಕ.

ಗೆರೆ ಮಾಸಿದಂತೆಲ್ಲ ಮತ್ತೆ ಬಳಿಯಬೇಕು. ಮನೆಗಳು ಖಾಲಿಯಾದವು, ತಟ್ಟುವ ರೂಢಿ ಉಳಿಯಿತು.

ಯೋಜನಾ ಕಚೇರಿಯ ಇಂಜಿನಿಯರ್ ನಗುತ್ತಾರೆ. "ಹೊಳೆ ನೆಲದಡಿ ಕೊರೆದು ಟೊಳ್ಳು ಮಾಡಿದೆ. ನೀರು ಬಡಿಯೋ ಸದ್ದು, ಅಷ್ಟೇ."

"ಇರಬಹುದು ಸಾರ್. ಮೂರಕ್ಕೇ ನಿಲ್ಲಿಸು ಅಂತ ನೀರಿಗೆ ಯಾರು ಹೇಳ್ಕೊಟ್ರು?"

ಅಂದಿನಿಂದ ಇಂಜಿನಿಯರ್ ಓಣಿಗೆ ಒಬ್ಬರೇ ಬರುವುದಿಲ್ಲವಂತೆ.

ಹೋದ ವರ್ಷ ಗೆರೆ ಓಣಿಯ ಕೊನೆಯ ಮನೆಯನ್ನು ಬಿಟ್ಟು ಹೊಳೆಯ ಕಡೆ ತಿರುಗಿತ್ತು. ಈ ಸಲ ನಕ್ಷೆ ತಿದ್ದಿದ್ದಾರೆ, ಗೆರೆ ನೇರ ಹೋಗಬೇಕು. ಆ ಕೊನೆಯ ಮನೆ ಅವಳದೇ. ಅತ್ತೆಯದು ಒಂದೇ ಹಟ: "ಹೋದ ವರ್ಷದ ಹಾಗೇ ಹೊಳೆ ಕಡೆ ಬಾಗಿಸೇ. ಕುಂಚ ನಿನ್ನ ಕೈಲೇ ಇದೆ, ನಿನ್ನ ಗಂಟೇನು ಹೋಗತ್ತೆ?" ಮದುವೆಯಾಗಿ ಕಾಲಿಟ್ಟ ಮನೆ, ಗೆರೆಯಕ್ಕನಿಗೂ ಕರುಳು ಕಿತ್ತು ಬರುತ್ತದೆ.

ಇಂದು ಆ ಗೋಡೆಯ ಸರದಿ. ಅತ್ತೆ ಹೊರಗೆ, ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತಿದ್ದಾರೆ. ಒಳಗೆ ಯಾರೂ ಇಲ್ಲ. ಸೊಸೆ ಬಾಗಿಲವರೆಗೆ ಕೈ ಒಯ್ಯುತ್ತಾಳೆ, ತಟ್ಟಲಾಗದೆ ಹಾಗೇ ನಿಲ್ಲುತ್ತಾಳೆ.

ಒಳಗಿನಿಂದ ಟಕ್, ಟಕ್, ಟಕ್.

ಅತ್ತೆ ಬೆಚ್ಚಿ ಬಾಗಿಲ ಕಡೆ ತಿರುಗುತ್ತಾರೆ. ಸೊಸೆಯ ತೋಳು ಹಿಡಿದು ಎದ್ದು, ಬಾಗಿಲಿಗೆ ಬೆನ್ನು ಹಾಕದೆ ಪಕ್ಕಕ್ಕೆ ಸರಿಯುತ್ತಾರೆ. "ಎಳಿ ತಾಯಿ," ಅಂತಾರೆ ಸಣ್ಣ ದನಿಯಲ್ಲಿ.

ಗೆರೆಯಕ್ಕ ಅಳುತ್ತಲೇ ಎಳೆಯುತ್ತಾಳೆ, ಈ ಮೂಲೆಯಿಂದ ಆ ಮೂಲೆಗೆ. ಆಮೇಲೆ ಹಿಂದಕ್ಕೆ ಸರಿದು, ಮೂಗು ಒರೆಸಿಕೊಂಡು ನೋಡುತ್ತಾಳೆ.

"ನೋಡಿ ಅತ್ತೆ. ನಮ್ಮನೆ ಅಂತ ಗೆರೆ ಎಲ್ಲೂ ಬಾಗಿಲ್ಲ."