ನೆರಳು ಯಾರ ಮೇಲೆ ಬೀಳುತ್ತದೆ ಎಂದು ಕೇಳುತ್ತಿದ್ದ ಬಾಳಾಸಾಹೇಬ ಸರ್

ನಂಬಲು ಆಗುತ್ತಿಲ್ಲ...
ಫೋನ್ ಇಟ್ಟ ಮೇಲೆ ಇನ್ನೊಮ್ಮೆ ಕಾಲ್ ಮಾಡಿ ಕೇಳಿದೆ. ಸರ್ ಹೆಂಡತಿ, ನಾವೆಲ್ಲ ಕಾಕು ಅನ್ನುವವರು, ಅದೇ ಮಾತು ಹೇಳಿದರು.

ಚಿಕ್ಕೋಡಿಯ ಆರ್ಕಿಟೆಕ್ಟ್ ಬಾಳಾಸಾಹೇಬ ಸರ್ ಇಂದು ಬೆಳಗಿನ ಜಾವ ತೀರಿಕೊಂಡರು.
ನಿದ್ದೆಯಲ್ಲೇ... ಹಾರ್ಟ್ ಅಟ್ಯಾಕ್.

ಮೊನ್ನೆಯಷ್ಟೇ ನನ್ನ ಜೊತೆ ಭೋಜ ಗ್ರಾಮದಲ್ಲಿದ್ದರು.
ನಾನೇ ಕರೆಸಿದ್ದೆ...

ಅವರನ್ನು ಅರಿಯದವರಿಗೆ ಒಂದು ಮಾತು. ನಿಪ್ಪಾಣಿ, ರಾಯಬಾಗ, ಅಥಣಿ ಕಡೆ ಮನೆ ಡಿಸೈನ್ ಮಾಡುವ ನಮ್ಮಂಥ ಆರ್ಕಿಟೆಕ್ಟರೆಲ್ಲ ಒಂದಲ್ಲ ಒಂದು ಸಲ ಅವರಿಂದ ಬೈಸಿಕೊಂಡವರೇ. ನಾನು ಓದು ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಅವರ ಆಫೀಸಿನಲ್ಲಿ.
ಐಗಳಿಯ ದ್ರಾಕ್ಷಿ ತೋಟದವರು ಬಂಗಲೆಯ ಪ್ಲ್ಯಾನ್ ಕೇಳಿಕೊಂಡು ಬಂದರೆ, ರೂಮು ಎಷ್ಟು ಬೇಕು ಎಂದು ಸರ್ ಕೇಳುತ್ತಿರಲಿಲ್ಲ.
"ಮಗ್ಗಲದಾಗ ಯಾರ ಅದಾರ್ರಿ? ಅವರ ಮನಿ ನೀರ ಎತ್ತಾಗ ಹರೀತೈತಿ?"
ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕೆಲವರು ಎದ್ದೇ ಹೋದರು.
ಸರ್ ನನ್ನ ಕಡೆ ತಿರುಗಿ, "ಮನಿ ಅಂದ್ರ ಶೋಕೇಸಿನಾಗ ಇಡು ಗೊಂಬಿ ಅಲ್ಲ ತಂಗಿ. ಓಣ್ಯಾಗ ಇರೂದು ಅದು" ಅನ್ನುತ್ತಿದ್ದರು.

ಈಗ ನಿಪ್ಪಾಣಿಯಲ್ಲಿ ನನ್ನದೇ ಆಫೀಸಿದೆ.
ಭೋಜದಲ್ಲಿ ಒಂದು ಸಮುದಾಯ ಭವನದ ಕೆಲಸ ಸಿಕ್ಕಿತು. ಹೋದ ವಾರ ಅದರ ತ್ರೀಡಿ ವ್ಯೂ ಇಲ್ಲೇ ಪೋಸ್ಟ್ ಮಾಡಿದ್ದೆ. ಹಸಿರು ಲಾನ್, ನೀಲಿ ಆಕಾಶ, ನಡುವೆ ಬೆಳ್ಳಗೆ ಒಂಟಿಯಾಗಿ ನಿಂತ ಹಾಲ್. ನೀವೆಲ್ಲ ಸೂಪರ್ ಅಂದಿರಿ...
ಸರ್ ಮಾತ್ರ ಕಾಲ್ ಮಾಡಿದರು.

"ಚಿತ್ರ ಛಲೋ ಬಂದೈತಿ. ಮಗ್ಗಲ ಮನಿ ಎಲ್ಲಿ ಹ್ವಾದ್ವು?"
"ಅದು ಬರೇ ವ್ಯೂ ಸರ್. ಮನಿ ಆಮ್ಯಾಲ ಹಾಕ್ತೀನ್ರಿ."
"ನೀ ಹಾಕೂದೇನೈತಿ? ಅವು ಮೊದಲಿಂದ ಅಲ್ಲೇ ಅದಾವಲ್ಲ."

ನನಗೆ ಸಿಟ್ಟು ಬಂತು.
ಹಾರ್ಟ್ ಆಪರೇಶನ್ ಆಗಿದೆ, ಡಾಕ್ಟರ್ ಓಡಾಟ ಬೇಡ ಎಂದಿದ್ದಾರೆ... ಎಲ್ಲ ಗೊತ್ತಿತ್ತು. ಆದರೂ ಅಂದುಬಿಟ್ಟೆ.
"ಹಂಗಾರ ನೀವ ಬಂದ ನೋಡ್ರಿ ಸರ್."
ಬರುವುದಿಲ್ಲ ಎಂದುಕೊಂಡೇ ಆಡಿದ ಮಾತು ಅದು.

ಬಂದರು... ಬಸ್ಸಿನಲ್ಲಿ.

ಸರ್,
ನೀವು ಸೈಟಿಗೆ ಮೊದಲು ಕಾಲಿಡಲೇ ಇಲ್ಲ. ಆ ಬಿಸಿಲಿನಲ್ಲಿ ಹಿಂದಿನ ಓಣಿಗೆ ನಡೆದಿರಿ. ಅಲ್ಲಿ ಹೆಂಗಸರು ಬಾಗಿಲಲ್ಲಿ ಕುಳಿತು, ಮೊರದಲ್ಲಿ ಎಲೆ, ತಂಬಾಕು ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಒಬ್ಬರನ್ನು "ಸ್ವಲ್ಪ ಸರೀತೀರೇನವಾ" ಎಂದು ಕೇಳಿ ನನ್ನನ್ನು ಅವರ ಮಗ್ಗುಲಲ್ಲಿ ಕೂರಿಸಿದಿರಿ.
"ಈಗ ನಿನ್ನ ಗ್ವಾಡಿ ಎಲ್ಲಿ ಬರ್ತೈತಿ ತೋರಸು."
ಹಾಲ್‌ನ ಗೋಡೆ ಬರುವ ಕಡೆ ಕೈ ಎತ್ತಿ ತೋರಿಸಿದೆ. ಅಲ್ಲಿ ಇದ್ದದ್ದು ಬರೀ ಆಕಾಶ. ಆ ಇಕ್ಕಟ್ಟಿನ ಓಣಿಗೆ ಬೆಳಕು ಬರುವ ದಿಕ್ಕು ಅದೊಂದೇ.
ಆ ಹೆಂಗಸು ಕೈಕೆಲಸ ನಿಲ್ಲಿಸದೆ ನನ್ನನ್ನು ಕೇಳಿದರು, "ಒಳಗ ಕತ್ತಲ ಐತ್ರಿ. ಗ್ವಾಡಿ ಬಂದ್ರ ನಾವ ಎಲ್ಲಿ ಕುಂಡ್ರೂದ್ರಿ?"
ಎತ್ತಿದ್ದ ಕೈ ಕೆಳಗಿಳಿಸಿದೆ. ನೀವು ನನ್ನ ಕಡೆ ನೋಡಲಿಲ್ಲ ಸರ್... ನೋಡಿ ಬೈದಿದ್ದರೆ ಚೆನ್ನಾಗಿತ್ತು.

ಭವನದ ಕಮಿಟಿಯ ಅಧ್ಯಕ್ಷರು ಅಲ್ಲಿಗೇ ಬಂದರು.
"ಜಾಗಾ ನಮ್ದು. ನಕಾಶಿ ಪಾಸಾಗೈತಿ. ಇನ್ನೇನ್ರಿ?"
"ಜಾಗಾ ನಿಮ್ದು ಖರೇರಿ. ನೆರಳ ಯಾರ ಮ್ಯಾಲ ಬೀಳತೈತಿ?" ಅಂದಿರಿ.

ಹಾಲ್ ಅನ್ನು ರಸ್ತೆ ಕಡೆ ಸರಿಸಿ, ಓಣಿ ಕಡೆ ಅಂಗಳ ಬಿಡಿ ಎಂದು ಅವರಿಗೆ ಬಿಡಿಸಿ ಬಿಡಿಸಿ ಹೇಳಿದಿರಿ. ಮದುವೆ ಇದ್ದಾಗ ಅಂಗಳದಲ್ಲಿ ಪೆಂಡಾಲ್ ಹಾಕಬಹುದು, ಉಳಿದ ದಿನ ಓಣಿಯವರು ಕೂರುತ್ತಾರೆ ಎಂದಿರಿ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಮಾತಾಡುತ್ತಲೇ ನೀವು ಲೈಟ್ ಕಂಬಕ್ಕೆ ಕೈ ಊರಿದಿರಿ. ಕುತ್ತಿಗೆಯ ಬೆವರು ಒರೆಸಿಕೊಂಡಿರಿ.
ನೋಡಿದೆ ಸರ್. ನೋಡಿಯೂ, ಡ್ರಾಯಿಂಗ್ ಎಲ್ಲ ಮತ್ತೆ ಮೊದಲಿನಿಂದ ಮಾಡಬೇಕಲ್ಲ ಎಂಬ ಚಿಂತೆಯಲ್ಲಿದ್ದೆ.
ನೀರು ಬೇಕೇ ಎಂದು ಕೇಳಿದ್ದು ಬೀಡಿ ಕಟ್ಟುವ ಆ ಹೆಂಗಸು. ನಾನಲ್ಲ...

ನನಗೆ ಕಾಗವಾಡದಲ್ಲಿ ಇನ್ನೊಂದು ಸೈಟ್ ವಿಸಿಟ್ ಇತ್ತು.
"ನೀ ಹೋಗವಾ, ನಾ ಬಸ್ಸಿಗಿ ಹೋಕ್ಕೀನಿ" ಅಂದಿರಿ.
ಬಿಟ್ಟು ಹೋದೆ. ನಿಮ್ಮನ್ನು ಚಿಕ್ಕೋಡಿಗೆ ಮುಟ್ಟಿಸಿ ಹೋಗಿದ್ದರೆ ಸ್ವಲ್ಪ ಸುತ್ತಾಗುತ್ತಿತ್ತು... ಅಷ್ಟೇ.

ಮಧ್ಯಾಹ್ನ ಸರ್ ಮಣ್ಣಿಗೆ, ಅಂತ್ಯಕ್ರಿಯೆಗೆ, ಹೋಗಿ ಬಂದೆ.
ಭೋಜದ ಅಧ್ಯಕ್ಷರೂ ಬಂದಿದ್ದರು. ಸರ್ ಮನೆಯ ಹೊರಗೆ ನಿಂತಾಗ ನನ್ನ ಹತ್ತಿರ ಬಂದು, "ಮೇಡಮ್ಮಾರ, ಸರ್ ಹೇಳಿದಂಗ ಒಂದ ನಕಾಶಿ ಮಾಡಿ ತರ್ರಿ. ಕಮಿಟ್ಯಾಗ ಇಡೂಣು" ಅಂದರು.
ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಈ ಮಾತನ್ನು ಅವರು ಮೊನ್ನೆಯೇ ಸರ್ ಎದುರು ಆಡಬಹುದಿತ್ತು. ನೀವು ಹೇಳಿದ್ದು ಸರಿ ಎಂದು ನಾನೂ ಆಡಬಹುದಿತ್ತು...

ಒಳಗೆ ಹೋಗಿ ಕಾಕು ಮುಂದೆ ಕುಳಿತೆ.
"ನಾ ಕರದಿದ್ಕ ಹಿಂಗಾತ್ರಿ ಕಾಕು."
ಕಾಕು ನನ್ನ ಕೈ ಹಿಡಿದುಕೊಂಡರು.
"ಡಾಕ್ಟರ್ ಬ್ಯಾಡ ಅಂದಾಗಿಂದ ಅವರನ್ನ ಯಾವ ಸೈಟಿಗೂ ಯಾರೂ ಕರದಿದ್ದಿಲ್ಲ. ನೀ ಒಬ್ಬಾಕಿ ಕರದಿ. ಅವತ್ತ ಮುಂಜಾನೆ ಎದ್ದು ತಾವ ಇಸ್ತ್ರಿ ಮಾಡಿ ಹೊಸಾ ಅಂಗಿ ಹಾಕ್ಕೊಂಡ ಬಂದಿದ್ರು... ನೋಡಿದ್ದಿಲ್ಲೇನ?" ಅಂದರು.

ನೋಡಿರಲಿಲ್ಲ.
ಅದರ ಬಣ್ಣ ಯಾವುದಿತ್ತು ಎಂದು ಆಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ... ಬರುತ್ತಿಲ್ಲ.

ಹೋಗಿ ಬನ್ನಿ ಸರ್...
ಇನ್ನಾದರೂ ನಿಮ್ಮ ಜೀವ ತಣ್ಣಗಿರಲಿ. 🙏