ಬೈರಿಗೆ ಎಳೆದವಳು

ನನ್ನ ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ತುರುಬು ಕಟ್ಟಿಕೊಳ್ಳಬೇಕಾದರೆ ಕೈಯನ್ನು ತಲೆಗೆ ಒಯ್ಯುವ ಬದಲು ತಲೆಯನ್ನೇ ಬಗ್ಗಿಸಿ ಕೈಯ ಹತ್ತಿರ ತರುತ್ತೇನೆ. ನೋಡಿದವರು ಎಲ್ಲಿ ಬಿದ್ದಿರಿ ಎಂದು ಕೇಳುತ್ತಾರೆ. ಬೈರಿಗೆ ಎಳೆದೆ ಎಂದರೆ ನಗುತ್ತಾರೆ. ಈಗ ಬೈರಿಗೆ ಎಂದರೆ ಬಿಡದೆ ತಲೆ ತಿನ್ನುವ ಮಾತುಗಾರ ಅಷ್ಟೇ. ಮರ ಕೊರೆಯುವ ಬೈರಿಗೆಯನ್ನು ಕಂಡವರು ಕಡಿಮೆ, ಎಳೆದವರಂತೂ ಇನ್ನೂ ಕಡಿಮೆ.

ನಮ್ಮ ಯಜಮಾನರು ಮರಗೆಲಸದವರು. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ತಿಪಟೂರಿನ ಪಕ್ಕದ ಹಳ್ಳಿಗೆ ಬಂದಾಗ ಅವರ ಬಳಿ ಇದ್ದದ್ದು ಹಗ್ಗದ ಬೈರಿಗೆ. ಮೊಳದುದ್ದದ ಮರದ ದಿಂಡು, ಅದರ ತುದಿಗೆ ಉಕ್ಕಿನ ಅಲಗು, ಇನ್ನೊಂದು ತುದಿಗೆ ಟೊಪ್ಪಿಗೆಯಂತೆ ಒಂದು ತೆಂಗಿನ ಕರಟ. ಒಬ್ಬರು ಆ ಕರಟವನ್ನು ಅಂಗೈಯಲ್ಲಿ ಒತ್ತಿ ಹಿಡಿಯಬೇಕು. ಇನ್ನೊಬ್ಬರು ದಿಂಡಿಗೆ ಸುತ್ತಿದ ಹಗ್ಗದ ಎರಡು ತುದಿಗಳನ್ನು ಹಿಡಿದು, ಮೊಸರು ಕಡೆಯುವಂತೆ, ಒಮ್ಮೆ ಇದನ್ನು ಒಮ್ಮೆ ಅದನ್ನು ಎಳೆಯಬೇಕು. ಒತ್ತುವವರು ಅವರು, ಎಳೆಯುವವಳು ನಾನು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ನನಗಿಂತ ಮುಂಚೆ ನಮ್ಮತ್ತೆ ಎಳೆಯುತ್ತಿದ್ದರು, ನಾನು ಬಂದ ವಾರವೇ ಹಗ್ಗವನ್ನು ನನ್ನ ಕೈಗಿಟ್ಟು ಹೊರಗೆ ಹೋಗಿ ಎಲೆಯಡಿಕೆ ಹಾಕಿಕೊಂಡರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ಆಮೇಲೆ ನಾನು ನೋಡಲಿಲ್ಲ.

ಬಾಗಿಲು, ಗಾಡಿ, ಮಂಚ, ಅಟ್ಟ, ಎಲ್ಲಕ್ಕೂ ತೂತು ಬೇಕು. ತುರುವೇಕೆರೆ ಕಡೆಗೂ ಹೋದೆವು, ಕಂದಿಕೆರೆ ಕಡೆಗೂ ಹೋದೆವು. ತೂತು ನೆಟ್ಟಗೆ ಬಂದರೆ ಜನ ‘ಆಚಾರ್ರ ಕೈ ಅಂದ್ರೆ ಕೈ’ ಎನ್ನುತ್ತಿದ್ದರು. ಸ್ವಲ್ಪ ವಾಲಿದರೆ ನಮ್ಮವರು ನನ್ನ ಕಡೆ ನೋಡದೆ, ‘ಎಳೆಯೋರು ಸರಿಯಾಗಿ ಎಳೀಬೇಕಲ್ಲ ಕಣ್ರೀ’ ಎನ್ನುತ್ತಿದ್ದರು. ಜಗಳವಾಡುವ ದನಿಯಲ್ಲಲ್ಲ, ಮಳೆ ಬರಲಿಲ್ಲ ಎನ್ನುವ ಹಾಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅಷ್ಟು ಹೊತ್ತು ಎಳೆದ ಮೇಲೆ ಜಗಳಕ್ಕೆ ಉಸಿರು ಎಲ್ಲಿರುತ್ತದೆ? ನುಂಗಿಕೊಂಡು ಹಗ್ಗ ಸುತ್ತಿಡುತ್ತಿದ್ದೆ.

ಹಗ್ಗದ ಬೈರಿಗೆಯ ಒಳ್ಳೆಯತನವನ್ನೂ ಹೇಳಬೇಕು. ಅದು ಯಾರನ್ನೂ ಕಾಯುತ್ತಿರಲಿಲ್ಲ. ನಡುದಾರಿಯಲ್ಲಿ ಮುರಿದ ಗಾಡಿಯನ್ನು ಅಲ್ಲೇ ಹುಣಸೆ ಮರದ ಕೆಳಗೆ ರಿಪೇರಿ ಮಾಡಿ ಕಳಿಸಿದ್ದೇವೆ. ಕೆಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಕೆಟ್ಟದ್ದು ನನ್ನ ಭುಜ ಒಂದೇ.

ಎಂಬತ್ತರ ಹೊತ್ತಿಗೆ ಕರೆಂಟಿನ ಡ್ರಿಲ್ ಮಿಷನ್ ಬಂತು, ಯಾರೋ ಬಳಸಿ ಬಿಟ್ಟದ್ದು. ಆ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟವಳು ನಾನೇ. ಹಗ್ಗವನ್ನು ಗೂಟಕ್ಕೆ ನೇತುಹಾಕಿ, ಇನ್ನು ನೀನು ಅಲ್ಲೇ ಇರು ಎಂದುಕೊಂಡೆ. ನಮ್ಮ ಬಾಯಲ್ಲಿ ಎಲೆಯಡಿಕೆ ಕೆಂಪಾಗುವಷ್ಟರಲ್ಲಿ ಮಿಷನ್ ಕೊರೆದು ಮುಗಿಸುತ್ತಿತ್ತು. ಅದರ ವೈರು ಮಾತ್ರ ಗಿಡ್ಡ. ಅದಕ್ಕೆ ಇನ್ನೊಂದು ವೈರು, ಆ ವೈರಿಗೆ ಮತ್ತೊಂದು, ಗಂಟುಗಳಿಗೆಲ್ಲ ಟೇಪು. ಪ್ಲಗ್ಗು ಒಡೆದುಹೋದ ಮೇಲೆ ಹೊಸದು ಹಾಕಿಸುವ ಗೋಜಿಗೇ ಹೋಗಲಿಲ್ಲ. ವೈರಿನ ತುದಿಗಳನ್ನು ಸುಲಿದು ಗೋಡೆಯ ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುತ್ತಿದ್ದರು. ಕಡ್ಡಿ ಸಡಿಲವಾದರೆ ಮಿಷನ್ ನಿಲ್ಲುತ್ತಿತ್ತು. ಹಾಗಾಗಿ ಅದನ್ನು ಹಿಡಿದು ನಿಲ್ಲಲು ಒಬ್ಬರು ಬೇಕು. ಆ ಒಬ್ಬರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

‘ಕಡ್ಡಿ ನೋಡ್ಕಳೇ’ ಎನ್ನುತ್ತಿದ್ದರು. ನೋಡಿಕೊಂಡೆ. ಒದ್ದೆ ಕಾಲಲ್ಲಿ ನಿಂತು ಕರೆಂಟು ಹೊಡೆಸಿಕೊಂಡೆ ಕೂಡ. ಮೊಳಕೈವರೆಗೆ ಜುಮ್ಮೆಂದು ಹಿಂದಕ್ಕೆ ಬಿದ್ದಿದ್ದೆ. ಮಧ್ಯಾಹ್ನ ಸುತ್ತಲ ತೋಟಗಳಲ್ಲಿ ಪಂಪು ಹಾಕಿದರೆ ಮಿಷನ್ ನರಳಲು ಶುರುಮಾಡುತ್ತಿತ್ತು. ಆಗ ‘ಹೋಗಿ ಒಂದ್ ಗಳಿಗೆ ಪಂಪು ನಿಲ್ಸಕ್ಕೆ ಹೇಳು ಹೋಗು’ ಎಂದು ನನ್ನನ್ನು ತೋಟದಿಂದ ತೋಟಕ್ಕೆ ಅಟ್ಟುತ್ತಿದ್ದರು. ಸರದಿಯಲ್ಲಿ ಬಂದ ಕರೆಂಟನ್ನು ಯಾರು ಬಿಟ್ಟುಕೊಡುತ್ತಾರೆ? ಉಗಿಸಿಕೊಂಡು ಬರುತ್ತಿದ್ದೆ. ಕರೆಂಟು ಪೂರ್ತಿ ಹೋದ ದಿನ ಗೂಟದ ಹಗ್ಗ ಮತ್ತೆ ಕೆಳಗಿಳಿಯುತ್ತಿತ್ತು. ತೂತು ಸೊಟ್ಟಗಾದರೆ ಈಗ ಮಾತು ಬೇರೆಯಾಗಿತ್ತು, ‘ಕಡ್ಡಿ ಅಲ್ಲಾಡಿಸಿಬುಟ್ಲು ಕಣ್ರೀ’.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನನ್ನ ಭುಜ ರಾತ್ರಿ ಮಗ್ಗುಲು ಬದಲಿಸಲೂ ಬಿಡುತ್ತಿರಲಿಲ್ಲ. ಇನ್ನು ಹಗ್ಗ ಎಳೆದರೆ ಕೈ ಪೂರ್ತಿ ಹೋಗುತ್ತದೆ ಎಂದು ತಿಪಟೂರಿನ ಡಾಕ್ಟರು ಹೇಳಿದ್ದರು. ಯಜಮಾನರು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದರು.

ಆಗಲೇ ಹಾಲ್ಕುರಿಕೆ ಕಡೆಯ ಒಂದು ತೋಟದ ಮನೆಯಿಂದ ಕರೆ ಬಂತು. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಭಾರಕ್ಕೆ ತೊಲೆ ಜಗ್ಗಿ ಕಿರ್ರೆನ್ನುತ್ತಿತ್ತು. ತೊಲೆಯ ಎರಡು ಪಕ್ಕಕ್ಕೂ ಕಬ್ಬಿಣದ ಪಟ್ಟಿ ಕೊಟ್ಟು ಈ ಪಕ್ಕದಿಂದ ಆ ಪಕ್ಕಕ್ಕೆ ಆರುಪಾರು ಮೂರು ಬೋಲ್ಟು ಹಾಕಬೇಕು. ಕಾಯಿ ಇಳಿಸಿಕೊಟ್ಟರೆ ಕೆಲಸ ಸಲೀಸು. ಆದರೆ ನಮ್ಮ ಸೀಮೆಯಲ್ಲಿ ಅದನ್ನು ಬಾಯಿಬಿಟ್ಟು ಕೇಳುವಂತಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎನ್ನುವವರೆಗೆ ಅಟ್ಟದ ಕಾಯನ್ನು ಯಾರೂ ಅಲ್ಲಾಡಿಸುವುದಿಲ್ಲ. ಅಲ್ಲಾಡಿಸಿದರೆ ಕೌಟಾಗಿಬಿಡುತ್ತದೆ ಎಂಬ ಭಯ. ತಲೆ ಮೇಲೆ ಅಟ್ಟ ಬಿದ್ದರೂ ಸರಿ, ಕಾಯಿ ಕೆಡಬಾರದು.

ಜೊತೆಗೆ ಆ ಕಡೆಯ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಿ ವಾರದಿಂದ ಕರೆಂಟಿಲ್ಲ. ಅಂದರೆ ಹಗ್ಗವೇ ಗತಿ. ಆದರೆ ಕರೆಯಲು ಬಂದ ಆ ಮನೆಯ ಗೌಡರು ಒಂದು ಸುದ್ದಿ ಹೇಳಿದರು. ಅವರ ಭಾವಮೈದುನ ಮಸ್ಕತ್ತಿನಿಂದ ರಜಕ್ಕೆ ಬರುವಾಗ ಒಂದು ಮಿಷನ್ ತಂದಿದ್ದಾನೆ, ಅದಕ್ಕೆ ವೈರೇ ಇಲ್ಲ, ಹಿಡಿಯೊಳಗೇ ಬ್ಯಾಟರಿ, ತಿಪಟೂರಿನಲ್ಲಿ ಚಾರ್ಜ್ ಮಾಡಿಸಿ ತಂದಿಟ್ಟಿದ್ದೇವೆ.

‘ನೀನು ಬರೋದು ಬ್ಯಾಡ ಬುಡು. ಮನೇಲೇ ಇರು’ ಎಂದರು ಯಜಮಾನರು.

ಮದುವೆಯಾದಂದಿನಿಂದ ಆ ಮಾತು ಕೇಳಿದ್ದು ಅದೇ ಮೊದಲು. ಅವರು ಸೈಕಲ್ಲು ಹತ್ತಿ ಹೋದ ಮೇಲೆ ಉಪ್ಪು ಹುರಿದು ಗಂಟು ಕಟ್ಟಿ, ಭುಜಕ್ಕೆ ಶಾಖ ಇಟ್ಟುಕೊಂಡು ಹಾಡಹಗಲಲ್ಲಿ ಚಾಪೆಯ ಮೇಲೆ ಮಲಗಿದೆ. ವೈರಿಲ್ಲದ ಮಿಷನ್ನು ಮಾಡಿದವನು ಯಾರೇ ಇರಲಿ, ಅವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ. ಕಣ್ಣು ಹತ್ತಿತ್ತು. ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿತು. ಗೌಡರ ಮನೆಯ ಆಳು.

‘ಅಕ್ಕಾ, ಹಗ್ಗದ ಬೈರಿಗೆ ಬೇಕಂತೆ. ಆಚಾರ್ರು ಹೇಳಿ ಕಳ್ಸವ್ರೆ’ ಎಂದ.

‘ಗೂಟದಲ್ಲೈತೆ, ತಗಂಡು ಹೋಗಪ್ಪ.’

ಅವನು ತಲೆ ಕೆರೆದುಕೊಂಡ. ‘ನಿಮ್ಮನ್ನೂ ಕರ್ಕಂಡು ಬಾ ಅಂದ್ರು.’

ಆಗಿದ್ದೇನೆಂದು ಅವನೇ ದಾರಿಯಲ್ಲಿ ಹೇಳಿದ. ವೈರಿಲ್ಲದ ಮಿಷನ್ ಬಂದಿದೆ ಎಂದು ಊರೆಲ್ಲ ನೋಡಲು ಬಂದಿತ್ತು. ಗೌಡರು ಬಂದವರಿಗೆಲ್ಲ ಕಾಫಿ ಕೊಟ್ಟು ಮಿಷನ್ನನ್ನೂ ಕೈಗೆ ಕೊಟ್ಟಿದ್ದರು. ಒಬ್ಬೊಬ್ಬರೂ ಒತ್ತಿ ಒತ್ತಿ ಗುರ್ರೆನ್ನಿಸಿ ಹೋಗಿದ್ದರು. ‘ನಾನೂ ಒಂದ್ಸಲ ಒತ್ತಿದೆ ಕಣಕ್ಕಾ’ ಎಂದ. ಒಳಗಿನ ಕರೆಂಟು ಖಾಲಿಯಾಗುವ ವಸ್ತು ಎಂದು ಯಾರಿಗೂ ಹೊಳೆದಿರಲಿಲ್ಲ. ಹೊನ್ನೆ ಮರದ ಹಳೆಯ ತೊಲೆ, ಕಬ್ಬಿಣದಂಥದ್ದು. ಮಿಷನ್ ಹೇಗೋ ತಿಣುಕಿ ಎರಡು ತೂತು ಕೊರೆದು, ನಡುವಿನ ತೂತು ಬಾಕಿ ಇರುವಾಗಲೇ ತಣ್ಣಗಾಗಿತ್ತು. ವೈರಿಲ್ಲದ್ದಕ್ಕೂ ಹೊಟ್ಟೆಗೆ ವೈರೇ ಬೇಕು. ಎಂಥ ಮಿಷನ್ ಬಂದರೂ ಅದರ ಕೊನೆಗೆ ನನ್ನ ಭುಜ ಕಾದಿರುತ್ತದೆ ಅನ್ನಿಸಿ ಸೈಕಲ್ಲಿನ ಮೇಲೆ ಕೂತೇ ಅತ್ತೆ. ಆಳಿಗೆ ಕಾಣಲಿಲ್ಲ.

ನಾನು ಹೋದಾಗ ತೊಲೆಗೆ ಬಿದಿರು ಕೊಟ್ಟು ನಿಲ್ಲಿಸಿದ್ದರು. ಯಜಮಾನರು ಎರಡು ಬೆಂಚು ಜೋಡಿಸಿ ಮೇಲೆ ನಿಂತಿದ್ದರು. ‘ಒಂದೇ ತೂತು ಕಣೇ’ ಎಂದರು. ನನ್ನನ್ನು ಕರೆಸುವ ಮುಂಚೆ ಆ ಊರಿನಲ್ಲೇ ಇದ್ದ ಒಂದು ಹಳೆಯ ಬೈರಿಗೆ ತರಿಸಿ, ಆಳುಗಳ ಕೈಗೆ ಹಗ್ಗ ಕೊಟ್ಟು ನೋಡಿದ್ದರಂತೆ. ಒಬ್ಬ ಜೋರಾಗಿ ಎಳೆದು ಅದರ ಅಲಗನ್ನೇ ಮುರಿದಿದ್ದ.

ನಾನು ಬೆಂಚು ಹತ್ತಿದೆ. ಹಗ್ಗವನ್ನು ದಿಂಡಿಗೆ ಸುತ್ತಿದೆ. ಸುತ್ತಿದ ಮೇಲೆ ಎರಡು ತುದಿಗಳನ್ನೂ ಅವರ ಕೈಗೇ ಕೊಟ್ಟೆ.

‘ನೀವು ಎಳೀರಿ. ನಾನು ಒತ್ತಿ ಹಿಡೀತೀನಿ.’

ಅವರು ನನ್ನ ಮುಖ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ಹಗ್ಗ ಹಿಡಿದವರಲ್ಲ, ನಾನು ಕರಟ ಮುಟ್ಟಿದವಳಲ್ಲ. ಕೆಳಗೆ ಗೌಡರು ಕೆಮ್ಮಿದರು. ನಾನು ಎಡ ಅಂಗೈಯಲ್ಲಿ ಕರಟ ಹಿಡಿದು ಮೈಭಾರವನ್ನೆಲ್ಲ ಬಿಟ್ಟು ನಿಂತೆ. ಇನ್ನೇನೂ ದಾರಿಯಿಲ್ಲದೆ ಅವರು ಎಳೆದರು.

ಅಲಗು ಗೆರೆ ಹಾಕಿತು. ಹೊನ್ನೆಯ ಹಳದಿ ಪುಡಿ ಉದುರಲು ಶುರುವಾಯಿತು. ಒಂದು ಇಂಚು ಒಳಗೆ ಹೋಗುವಷ್ಟರಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಹಗ್ಗ ಒಮ್ಮೆ ಬಿಗಿ, ಒಮ್ಮೆ ಸಡಿಲ. ದಿಂಡು ನನ್ನ ಕೈಯಲ್ಲಿ ಹೊಯ್ದಾಡುತ್ತಿತ್ತು. ‘ನಿಲ್ಸು’ ಎಂದರು. ಅಂಗೈ ಬಿಡಿಸಿ ನೋಡಿಕೊಂಡರು, ನಾರಿನ ಹಗ್ಗ ಕೊಯ್ದು ಕೆಂಪಗಾಗಿತ್ತು. ಆ ಕೈಯನ್ನು ನನಗೆ ತೋರಿಸಲು ಬಂದವರು, ಏನು ನೆನಪಾಯಿತೋ, ಪಂಚೆಗೆ ಒರೆಸಿಕೊಂಡು ಮತ್ತೆ ಹಗ್ಗ ಹಿಡಿದರು. ಹೀಗೆ ನಿಂತು ನಿಂತು ಅಂತೂ ಅಲಗು ಆಚೆ ಬಂತು.

ಬೋಲ್ಟು ತೂರಿಸಿದರೆ ಆ ಕಡೆಯ ಪಟ್ಟಿಯ ತೂತಿಗೆ ಸೇರಲಿಲ್ಲ, ಅರ್ಧ ಬೆರಳು ಪಕ್ಕಕ್ಕೆ ಬಂತು. ಅರದಿಂದ ಪಟ್ಟಿಯ ತೂತನ್ನು ಉಜ್ಜಿ ಅಗಲ ಮಾಡಿ ಹೇಗೋ ನಟ್ಟು ಕೂರಿಸಿದರು. ತೊಲೆ ಕಿರ್ರೆನ್ನುವುದು ನಿಂತಿತು. ಮೇಲಿನ ಒಂದು ಕಾಯೂ ಕದಲಲಿಲ್ಲ.

ಗೌಡರು ತಲೆಯೆತ್ತಿ ನೋಡುತ್ತಿದ್ದರು. ಸುಮ್ಮನಿರುವ ಜೀವವಲ್ಲ ಅದು. ‘ಮಿಷನ್ ಕೊರ್ದಿದ್ದು ಎರಡೂ ನೆಟ್ಟಗವೆ. ಮಧ್ಯದ್ದು ಯಾಕೆ ಆಚಾರ್ರೇ, ವಾಲ್ಕಂಡೈತೆ?’ ಎಂದರು.

ನಾನು ಬೆಂಚಿನಿಂದ ಇಳಿಯುತ್ತಿದ್ದೆ. ಈ ಸಲ ಕರಟ ಹಿಡಿದವಳು ನಾನು. ಈಗ ಒತ್ತಿದವಳ ತಪ್ಪು ಎನ್ನುತ್ತಾರೆ ಎಂದು ಗೊತ್ತಿತ್ತು. ಕೇಳಿಸಿಕೊಳ್ಳಲು ತಯಾರಾಗಿಯೇ ನಿಂತೆ, ತಿರುಗಿ ಹೇಳಲೂ ಆಗದಷ್ಟು ಸುಸ್ತಾಗಿತ್ತು.

ಯಜಮಾನರು ಹಗ್ಗ ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ.

‘ಎಳೆಯೋನು ಸರಿಯಾಗಿ ಎಳೀಲಿಲ್ಲ ಕಣ್ರೀ’ ಎಂದರು.