ತೊಳೆದ ವಾಯರು, ನಾನು ಹಚ್ಚಿದ ದೀಪ

ಅಪ್ಪೂ, ತಂಗೀ, ನಾಲ್ಕು ಜನರ ಮುಂದೆ ಈ ನಿಮ್ಮ ಅಜ್ಜಿಗೆ ಮಾತು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಥಣಿ ರಸ್ತೆಯಲ್ಲಿ ನಿಮ್ಮ ಅವ್ವನ ಝೆರಾಕ್ಸ್ ಅಂಗಡಿ ಇದೆಯಲ್ಲ, ಅಲ್ಲಿ ಪ್ರಿಂಟರಿಗೆ ಹಾಳೆ ತುಂಬುವುದು, ಬಂದ ಪ್ರತಿಗಳಿಗೆ ಪಿನ್ ಹೊಡೆಯುವುದು ನನ್ನ ಕೆಲಸ. ನಿಮ್ಮ ಅಜ್ಜ ಹೋದ ಮೇಲೆ ನಾನು ಮನೆಯಿಂದ ಹೊರಗೆ ಕಾಲಿಟ್ಟಿದ್ದೇ ಆ ಕೆಲಸಕ್ಕಾಗಿ.

ಈ ಸಲ ದಸರೆಯ ಖಂಡೆಪೂಜೆಗೆ ನಿಮ್ಮ ಅಜ್ಜನ ಅಕ್ಕ ತಿಕೋಟಾದಿಂದ ಬಂದಿದ್ದರು. ಹೊಲದ ಕುಡಗೋಲು, ಕುರಪಿ ತೊಳೆದು ಪೂಜೆಗಿಡುವ ರೂಢಿ ಅವರದು. ಅಂಗಡಿಯ ಕತ್ತರಿ ತೊಳೆದರು. ಪ್ರಿಂಟರಿನ ಕರೆಂಟ್ ವಾಯರ್ ಹೊಲಸಾಗಿದೆಯೆಂದು ಅದನ್ನೂ ಕಿತ್ತು, ಬಕೀಟಿನಲ್ಲಿ ಅದ್ದಿ ತೊಳೆದು, ಒರೆಸಿ ಮತ್ತೆ ಚುಚ್ಚಿದರು. ನಿಮ್ಮ ಅವ್ವ ಆಗ ಹೂವು ತರಲು ಹೋಗಿದ್ದಳು. ಬಂದವಳು, "ಅತ್ತಿ, ದಿನಾ ಈ ಮಷೀನ್ ನೋಡಿಕೊಳ್ಳಾಕಿ ನೀವು. ದೀಪ ನೀವ ಹಚ್ಚರಿ" ಎಂದಳು. ಹಚ್ಚಿದೆ. ಅಕ್ಕನವರು ಮುಖ ಗಂಟಿಕ್ಕಿದರು.

ಮರುದಿನ ಸ್ವಿಚ್ ಒತ್ತಿದ ಕೂಡಲೇ ಟಪ್ ಎಂದು ಕರೆಂಟು ಹೋಯಿತು. ಮೇನ್ ಸ್ವಿಚ್ ಎತ್ತಿದರೆ ಫ್ಯಾನು ತಿರುಗಿತು, ಪ್ರಿಂಟರ್ ಮಾತ್ರ ಸತ್ತಂತಿತ್ತು. ರಿಪೇರಿಯವನು ಫೋನಿನಲ್ಲೇ ಹೇಳಿದ: "ಪವರ್ ಸಪ್ಲೈ ಸುಟ್ಟೈತ್ರಿ. ಹೊಸಾದ್ ತಗೊಂಡ್ಬಿಡ್ರಿ."

"ಸುಡಲಾರದ ಏನ್ ಮಾಡ್ತೈತಿ?" ಅಕ್ಕನವರು ನನ್ನತ್ತ ತಿರುಗಿದರು. "ಗಂಡನ್ನ ಕಳಕೊಂಡಾಕಿ ದೀಪ ಹಚ್ಚ್ಯಾಳ! ಇನ್ನ ಅಂಗಡಿಗಿ ಬರಬ್ಯಾಡ. ಮನ್ಯಾಗ ಕೂತು ಜ್ವಾಳಾ ಹಸನ ಮಾಡು."

ಮೈಯೆಲ್ಲ ಉರಿಯಿತು. ರಿಪೇರಿಯವನು ಮಷೀನ್ ನೋಡದೆ ಹೇಳಿದ. ಇವರು ಏನೂ ಕೇಳದೆ ನನ್ನ ಕುರ್ಚಿಯನ್ನೇ ಕಿತ್ತುಕೊಂಡರು.

"ಅಕ್ಕಾರ, ನಿನ್ನೆ ವಾಯರ್ ತೊಳದವರು ಯಾರ್ರಿ?" ಎಂದೆ.

"ವಾಯರ್ ತೊಳದಾರ?" ನಿಮ್ಮ ಅವ್ವ ಹೌಹಾರಿದಳು.

ಮೊದಲು ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿದಳು. ಕರೆಂಟು ಬರುತ್ತಿತ್ತು. ಆಮೇಲೆ ಪ್ರಿಂಟರಿನ ವಾಯರ್ ಕಿತ್ತಳು. ಅದರ ತುದಿಯ ತೂತುಗಳು ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದವು. ಪ್ರಿಂಟರಿನ ಒಳಗೆ ಪಸೆಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಂಪ್ಯೂಟರಿನ ವಾಯರ್ ತಂದು ಚುಚ್ಚಿದಳು. ಹಸಿರು ದೀಪ ಹತ್ತಿತು.

"ಸಪ್ಲೈ ಸುಟ್ಟಿಲ್ಲ, ವಾಯರ್ ಅಷ್ಟ ಸುಟ್ಟೈತಿ. ದೊಡ್ಡತ್ತಿ, ಮುಂದಿನ ವರ್ಷ ಮೀಟರೂ ತೊಳದುಬಿಡ್ರಿ!"

"ಮನಿದೇವ್ರು ಕಾಪಾಡ್ಯಾನ ಬಿಡು," ಎಂದರು ಅಕ್ಕನವರು.

ನೋಡಿರಿ! ಸುಟ್ಟರೆ ನನ್ನ ದೀಪ, ಹೊತ್ತಿದರೆ ದೇವರು. ತಪ್ಪಾಯಿತೆಂಬ ಒಂದು ಮಾತಿಲ್ಲ. ಮೊನ್ನೆ ಬಬಲೇಶ್ವರದ ಮದುವೆಯಲ್ಲೂ, "ಆಕಿ ದೀಪ ಹಚ್ಚಿದ್ದಕ್ಕ ಪ್ರಿಂಟರ್ ಸುಟ್ಟಿತ್ತು" ಎಂದು ಅವರು ಹೆಂಗಸರಿಗೆ ಹೇಳುತ್ತಿದ್ದರು.

ನಾನು ಇಂದಿಗೂ ಅದೇ ಕುರ್ಚಿಯಲ್ಲಿ ಕೂಡುತ್ತೇನೆ. ಇದನ್ನು ನಿಮ್ಮ ಅವ್ವ ಅದೇ ಪ್ರಿಂಟರಿನಲ್ಲಿ ಅಚ್ಚು ಹಾಕಿ ಕೊಡುತ್ತಾಳೆ. ನಾಳೆ ನಾನಿಲ್ಲದಾಗಲೂ ಆ ಸುಳ್ಳು ಮದುವೆಮನೆಗಳಲ್ಲಿ ತಿರುಗುತ್ತಿರುತ್ತದೆ. ಆಗ ತೋರಿಸಲು ನಿಮ್ಮ ಕೈಯಲ್ಲಿ ಇದು ಬೇಕು. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ, ಒದ್ದೆ ಕೈಯಲ್ಲಿ ಮುಟ್ಟಬೇಡಿರಿ.